ಪಕ್ಕದ ಕಂಪ್ಯೂಟರಿನ ಫೋಲ್ಡರ್ ತೆರೆಯುತ್ತಿಲ್ಲವೇ? ವಿಂಡೋಸ್, ಲಿನಕ್ಸ್, ಮ್ಯಾಕ್ ನಡುವಿನ ಫೈಲ್ ಹಂಚಿಕೆ ಕೆಟ್ಟಾಗ ಹುಡುಕುವ ಕ್ರಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಊರುಗಳಲ್ಲಿ ಒಂದೇ ಕೋಣೆಯೊಳಗೆ ಎರಡು ಮೂರು ತಲೆಮಾರಿನ ಕಂಪ್ಯೂಟರುಗಳು ಒಟ್ಟಿಗೆ ದುಡಿಯುವುದು ಸಾಮಾನ್ಯ. ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯ ಹಳೆಯ ಫೈಲುಗಳಿರುವ ವಿಂಡೋಸ್ 7 ಒಂದು, ಹೊಸದಾಗಿ ತಂದ ವಿಂಡೋಸ್ 11 ಲ್ಯಾಪ್‌ಟಾಪ್ ಒಂದು. ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಹಾಕಿದ ಹಳೆಯ ಯಂತ್ರಗಳು, ಕಚೇರಿಯಲ್ಲಿ ಜೆರಾಕ್ಸ್ ಮತ್ತು ಸ್ಕ್ಯಾನ್ ಎರಡೂ ಮಾಡುವ ದೊಡ್ಡ ಯಂತ್ರ, ವಿಡಿಯೊ ಎಡಿಟಿಂಗ್ ಮಾಡುವವರ ಬಳಿ ಮ್ಯಾಕ್. ಇವೆಲ್ಲ ಒಂದೇ ರೌಟರಿಗೆ ಸೇರಿರುತ್ತವೆ, ಫೈಲುಗಳು ಇವುಗಳ ನಡುವೆ ಓಡಾಡುತ್ತಿರುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ, “ಸರ, ಆ ಕಂಪ್ಯೂಟರ್ ಕಾಣವಲ್ದ್ರಿ” ಎಂಬ ದೂರು ಬರುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ಬೆರಕೆ ಇನ್ನಷ್ಟು ಹೆಚ್ಚುವುದು ಸಹಜ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ಬಳಸುವುದು ಜಾಣತನವೇ. ಆದರೆ ಆಗ ಬೇರೆ ಬೇರೆ ವ್ಯವಸ್ಥೆಗಳು ಒಂದರ ಫೈಲನ್ನು ಇನ್ನೊಂದು ಓದುವಂತೆ ಮಾಡುವ ಕೆಲಸವೂ ಬರುತ್ತದೆ.

ಹಂಚಿಕೆ ನಿಂತಾಗ ಸಾಮಾನ್ಯವಾಗಿ ಮೂರು ಸಲಹೆ ಸಿಗುತ್ತವೆ: ಫೈರ್‌ವಾಲ್ ಆಫ್ ಮಾಡಿ, ಎಲ್ಲರಿಗೂ ಪೂರ್ಣ ಅನುಮತಿ ಕೊಡಿ, ಇಲ್ಲವೇ ಫಾರ್ಮ್ಯಾಟ್ ಹೊಡೆಯಿರಿ. ಮೊದಲ ಎರಡರಿಂದ ಕೆಲವೊಮ್ಮೆ ಫೋಲ್ಡರ್ ತೆರೆಯುತ್ತದೆ ನಿಜ, ಆದರೆ ಕಳ್ಳನಿಗೂ ಅದೇ ಬಾಗಿಲು ತೆರೆದಿರುತ್ತದೆ. ಮೂರನೆಯದರಲ್ಲಿ ತೊಂದರೆಯ ಜೊತೆಗೆ ಫೈಲುಗಳೂ ಹೋಗಬಹುದು. ಈ ಮೂರೂ ಬೇಕಿಲ್ಲ. ಫೈಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಬರಬೇಕಾದರೆ ದಾರಿ, ಹೆಸರು, ಬಾಗಿಲು, ಭಾಷೆ, ಗುರುತು, ಅನುಮತಿ ಎಂಬ ಆರು ಮೆಟ್ಟಿಲು ಹತ್ತಬೇಕು. ಇವನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ಎಲ್ಲಿ ತಡೆಯಾಗಿದೆ ಎಂಬುದು ತಿಳಿಯುತ್ತದೆ.

ಇವೆಲ್ಲ ಮಾತಾಡುವುದು ಯಾವ ಭಾಷೆಯಲ್ಲಿ?

ಜಾಲದ ಮೂಲಕ ಫೋಲ್ಡರ್ ಹಂಚಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ನಿಯಮಾವಳಿಯ ಹೆಸರು ಎಸ್‌ಎಂಬಿ. ಇದು 1980ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿತು, ಮುಂದೆ ಮೈಕ್ರೋಸಾಫ್ಟ್ ಇದನ್ನು ವಿಂಡೋಸ್‌ನಲ್ಲಿ ಬೆಳೆಸಿತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಇದೇ ಭಾಷೆ ಆಡುವ ಉಚಿತ ತಂತ್ರಾಂಶವೊಂದನ್ನು ಯೂನಿಕ್ಸ್ ಯಂತ್ರಗಳಿಗಾಗಿ ಬರೆದರು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಇಂಗ್ಲಿಷ್ ಪದ ಹುಡುಕಿದಾಗ ಸಿಕ್ಕ ಹೆಸರು ‘ಸಾಂಬಾ’. ಲಿನಕ್ಸ್ ಕಂಪ್ಯೂಟರ್ ವಿಂಡೋಸ್ ಜೊತೆ ಫೋಲ್ಡರ್ ಹಂಚಿಕೊಳ್ಳುವುದು ಇಂದಿಗೂ ಸಾಂಬಾ ಮೂಲಕವೇ. ಆ್ಯಪಲ್ ಕೂಡ 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ತನ್ನ ಹಳೆಯ ಪದ್ಧತಿಯನ್ನು ಹಿಂದಿಟ್ಟು ಎಸ್‌ಎಂಬಿಯನ್ನು ಮುಂದೆ ತಂದಿತು.

ಆದ್ದರಿಂದ “ವಿಂಡೋಸ್‌ಗೂ ಲಿನಕ್ಸ್‌ಗೂ ಹೊಂದಾಣಿಕೆಯಾಗುವುದಿಲ್ಲ” ಎಂಬ ಮಾತು ನಿಜವಲ್ಲ. ಮೂರಕ್ಕೂ ಒಂದೇ ಭಾಷೆ ಬರುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಆ ಭಾಷೆಯ ಆವೃತ್ತಿ, ಪಾಸ್‌ವರ್ಡ್ ಮತ್ತು ವಿಳಾಸಗಳಲ್ಲಿ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ: ಇಂಟರ್ನೆಟ್ ಇಲ್ಲದಿದ್ದರೆ ಹಂಚಿಕೆ ನಡೆಯುವುದಿಲ್ಲ, ನಡೆದರೆ ಡೇಟಾ ಖರ್ಚಾಗುತ್ತದೆ ಎಂಬುದು. ಒಂದೇ ರೌಟರಿನ ಎರಡು ಕಂಪ್ಯೂಟರುಗಳ ನಡುವಿನ ಫೈಲ್ ಊರು ಬಿಟ್ಟು ಹೋಗುವುದೇ ಇಲ್ಲ. ಹೊರಗಿನ ಕೇಬಲ್ ತುಂಡಾಗಿದ್ದರೂ ರೌಟರ್ ಚಾಲೂ ಇದ್ದರೆ ಸಾಕು. ಹಾಗೆಯೇ ಫೈಲ್ ನಕಲಾಗುವ ವೇಗಕ್ಕೂ ನಿಮ್ಮ ಇಂಟರ್ನೆಟ್ ಪ್ಲಾನಿಗೂ ಸಂಬಂಧವಿಲ್ಲ. ಅದು ಒಳಗಿನ ಕೇಬಲ್, ವೈ-ಫೈ ಮತ್ತು ಡಿಸ್ಕ್‌ಗಳಿಗೆ ಬಿಟ್ಟದ್ದು. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಸಾಗುತ್ತದೆ. ಅಂದರೆ 1 ಜಿಬಿಯ ಮದುವೆ ವಿಡಿಯೊಗೆ 80 ಸೆಕೆಂಡಿಗಿಂತ ಹೆಚ್ಚೇ ಬೇಕು. 1000 ಮೆಗಾಬಿಟ್ ಸೌಲಭ್ಯವಿರುವ ಯಂತ್ರವೂ ಕೇಬಲಿನೊಳಗಿನ ಎಂಟು ತಂತಿಗಳಲ್ಲಿ ಒಂದು ಕೆಟ್ಟರೆ 100ಕ್ಕೆ ಇಳಿಯಬಹುದು.

ಮೆಟ್ಟಿಲು 1: ದಾರಿ

ಮೊದಲು ನೋಡಬೇಕಾದದ್ದು, ಫೈಲ್ ಇರುವ ಕಂಪ್ಯೂಟರ್ ಎಚ್ಚರವಾಗಿದೆಯೇ ಎಂದು. ನಿದ್ದೆಗೆ ಜಾರಿದ ಲ್ಯಾಪ್‌ಟಾಪ್ ಯಾರಿಗೂ ಉತ್ತರ ಕೊಡುವುದಿಲ್ಲ. ಫೋಲ್ಡರ್ ಹಂಚುವ ಕಂಪ್ಯೂಟರಿನಲ್ಲಿ ತಾನಾಗಿ ಸ್ಲೀಪ್ ಆಗುವ ಸೆಟ್ಟಿಂಗ್ ತೆಗೆದಿಡಿ.

ನಂತರ ಎರಡೂ ಕಂಪ್ಯೂಟರುಗಳ ಐಪಿ ವಿಳಾಸ ಬರೆದುಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ಇದು ಕಾಣುತ್ತದೆ. ಸಾಮಾನ್ಯ ರೌಟರುಗಳಲ್ಲಿ ವಿಳಾಸದ ಮೊದಲ ಮೂರು ಸಂಖ್ಯೆಗಳು ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ 192.168.1.23, ಇನ್ನೊಂದರಲ್ಲಿ 192.168.1.40 ಇದ್ದರೆ ಸರಿ. ಹಾಗಿಲ್ಲದಿದ್ದರೆ ಈ ಮೂರರಲ್ಲಿ ಒಂದು ಆಗಿರಬಹುದು.

ವಿಳಾಸ 169.254 ಎಂದು ಶುರುವಾದರೆ, ಆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸ ಸಿಕ್ಕಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಕೇಬಲ್ ಮತ್ತು ರೌಟರ್ ನೋಡಿ.

ಒಂದು ಕಂಪ್ಯೂಟರ್ ಅಂಗಡಿಯ ವೈ-ಫೈಗೆ, ಇನ್ನೊಂದು ಯಾರದೋ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿರಬಹುದು. ಎರಡರಲ್ಲೂ ಇಂಟರ್ನೆಟ್ ಬರುತ್ತಿರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ‘ಗೆಸ್ಟ್’ ಎಂಬ ವೈ-ಫೈಗೆ ಸೇರಿದ್ದರೂ ಹೀಗೆಯೇ ಆಗುತ್ತದೆ. ಅತಿಥಿಗಳು ಒಬ್ಬರನ್ನೊಬ್ಬರು ನೋಡದಂತೆ ತಡೆಯುವುದೇ ಅದರ ಕೆಲಸ.

ಒಂದರ ವಿಳಾಸ 192.168.1 ಎಂದೂ ಇನ್ನೊಂದರದು 192.168.0 ಎಂದೂ ಇದ್ದರೆ ರೌಟರಿನ ಹಿಂದೆ ಇನ್ನೊಂದು ರೌಟರ್ ಇರಬಹುದು. ಫೈಬರ್ ಹಾಕಿದವರು ಕೊಟ್ಟ ಪೆಟ್ಟಿಗೆಗೆ ನಾವು ನಮ್ಮದೊಂದು ವೈ-ಫೈ ರೌಟರ್ ಜೋಡಿಸಿದಾಗ ಹೀಗಾಗುತ್ತದೆ. ಇದಕ್ಕೊಂದು ಗುರುತಿದೆ: ಒಳಗಿನ ರೌಟರಿನ ಕಂಪ್ಯೂಟರಿನಿಂದ ಹೊರಗಿನದಕ್ಕೆ ಹೋಗಬಹುದು, ಅತ್ತಲಿಂದ ಇತ್ತ ಬರಲಾಗುವುದಿಲ್ಲ. ಎರಡನೆಯ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಿದರೆ ಎಲ್ಲವೂ ಒಂದೇ ಜಾಲಕ್ಕೆ ಬರುತ್ತವೆ.

ಮೆಟ್ಟಿಲು 2: ಹೆಸರು

ಗೊಂದಲ ಹೆಚ್ಚು ಹುಟ್ಟುವುದು ಇಲ್ಲೇ. ‘ನೆಟ್‌ವರ್ಕ್’ ಕಿಟಕಿಯಲ್ಲಿ ಪಕ್ಕದ ಕಂಪ್ಯೂಟರಿನ ಹೆಸರು ಕಾಣದಿದ್ದರೆ ಸಂಪರ್ಕವೇ ಇಲ್ಲ ಎಂದು ನಾವು ತಿಳಿಯುತ್ತೇವೆ. ಕಾಣುವುದು ಬೇರೆ, ಸಿಗುವುದು ಬೇರೆ. ಆ ಪಟ್ಟಿ ಮಾಡುವ ಕೆಲಸವನ್ನು ಫೈಲ್ ಹಂಚಿಕೆಯಿಂದ ಪ್ರತ್ಯೇಕವಾದ ವ್ಯವಸ್ಥೆಯೊಂದು ಮಾಡುತ್ತದೆ. ವಿಂಡೋಸ್‌ನಲ್ಲಿ ಅದು ಹಿಂದೆ ಎಸ್‌ಎಂಬಿಯ ಹಳೆಯ ಆವೃತ್ತಿಯ ಜೊತೆಗೇ ನಡೆಯುತ್ತಿತ್ತು, ಈಗ ಬೇರೆ ಪದ್ಧತಿಗೆ ಹೊರಳಿದೆ. ಮ್ಯಾಕ್ ಮತ್ತು ಲಿನಕ್ಸ್ ಬಳಸುವುದು ಮತ್ತೊಂದು ಪದ್ಧತಿ. ಹೀಗಾಗಿ ಎಲ್ಲವೂ ಸರಿಯಿದ್ದರೂ ಲಿನಕ್ಸ್ ಯಂತ್ರ ವಿಂಡೋಸ್‌ನ ಪಟ್ಟಿಯಲ್ಲಿ ಕಾಣದೆ ಇರಬಹುದು.

ಪಟ್ಟಿಯನ್ನು ಬಿಟ್ಟು ನೇರವಾಗಿ ವಿಳಾಸದಿಂದಲೇ ಕರೆಯಿರಿ. ವಿಂಡೋಸ್‌ನಲ್ಲಿ ಫೋಲ್ಡರ್ ಕಿಟಕಿಯ ಮೇಲಿನ ವಿಳಾಸಪಟ್ಟಿಯಲ್ಲಿ \\192.168.1.23 ಎಂದು ಹೊಡೆದು ಎಂಟರ್ ಒತ್ತಿ. ಮ್ಯಾಕ್‌ನಲ್ಲಿ ಫೈಂಡರಿನ ‘ಗೋ’ ಮೆನುವಿನೊಳಗೆ ‘ಕನೆಕ್ಟ್ ಟು ಸರ್ವರ್’ ಇದೆ. ಅಲ್ಲಿ ಇಂಗ್ಲಿಷಿನ ಎಸ್, ಎಂ, ಬಿ ಅಕ್ಷರ, ಒಂದು ಕೋಲನ್, ಎರಡು ಮುಂಬಾಗಿದ ಓರೆಗೆರೆ, ಆಮೇಲೆ ಐಪಿ ವಿಳಾಸ ಬರೆಯಬೇಕು. ಲಿನಕ್ಸ್‌ನ ಫೈಲ್ ಕಿಟಕಿಯಲ್ಲೂ ಇದೇ ರೀತಿ. ಓರೆಗೆರೆ ವಿಂಡೋಸ್‌ನಲ್ಲಿ ಹಿಂದಕ್ಕೂ ಉಳಿದೆರಡರಲ್ಲಿ ಮುಂದಕ್ಕೂ ಬಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ವಿಳಾಸದಿಂದ ಕರೆದಾಗ ತೆರೆದರೆ ತೊಂದರೆ ಬರೀ ಹೆಸರಿನದು. ಆ ಫೋಲ್ಡರಿಗೆ ಒಂದು ಶಾರ್ಟ್‌ಕಟ್ ಮಾಡಿಟ್ಟುಕೊಂಡರೆ ಕೆಲಸ ಮುಗಿಯಿತು. ಕಂಪ್ಯೂಟರಿಗೆ ಹೆಸರು ಇಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 15 ಅಕ್ಷರದೊಳಗೆ ಇಡಿ. ಹಳೆಯ ಪದ್ಧತಿಯಲ್ಲಿ ಹೆಸರಿಗೆ ಇರುವ ಮಿತಿ ಅಷ್ಟೇ.

ನಿನ್ನೆ ತೆರೆಯುತ್ತಿದ್ದದ್ದು ಕರೆಂಟು ಹೋಗಿ ಬಂದ ಮೇಲೆ ತೆರೆಯುತ್ತಿಲ್ಲವೇ? ರೌಟರ್ ಮತ್ತೆ ಶುರುವಾದಾಗ ಕಂಪ್ಯೂಟರಿಗೆ ಬೇರೆ ವಿಳಾಸ ಹಂಚಿರಬಹುದು. ನಿಮ್ಮ ಶಾರ್ಟ್‌ಕಟ್ ಇನ್ನೂ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿರುತ್ತದೆ. ರೌಟರಿನ ಸೆಟ್ಟಿಂಗಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬುದಿದ್ದರೆ, ಫೋಲ್ಡರ್ ಹಂಚುವ ಕಂಪ್ಯೂಟರಿಗೆ ಒಂದು ಕಾಯಂ ವಿಳಾಸ ಕೊಟ್ಟುಬಿಡಿ. ಪದೇ ಪದೇ ಕರೆಂಟು ಹೋಗುವ ಕಡೆ ಇದೊಂದರಿಂದಲೇ ಎಷ್ಟೋ ತಲೆನೋವು ತಪ್ಪುತ್ತದೆ.

ಮೆಟ್ಟಿಲು 3: ಬಾಗಿಲು

ವಿಳಾಸದಿಂದ ಕರೆದರೂ ಉತ್ತರವಿಲ್ಲದಿದ್ದರೆ ಫೈರ್‌ವಾಲ್ ನೋಡಬೇಕು. ಎಸ್‌ಎಂಬಿ ಬರುವುದು 445 ಸಂಖ್ಯೆಯ ಬಾಗಿಲಿನಿಂದ. ವಿಂಡೋಸ್ ಪ್ರತಿಯೊಂದು ಜಾಲವನ್ನೂ ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತಿಸುತ್ತದೆ. ಬಸ್ ನಿಲ್ದಾಣದ ವೈ-ಫೈಯಂಥ ಜಾಲ ಪಬ್ಲಿಕ್, ಮನೆ ಅಂಗಡಿಯದು ಪ್ರೈವೇಟ್. ಪಬ್ಲಿಕ್ ಎಂದಿದ್ದರೆ ಹಂಚಿಕೆಯ ಬಾಗಿಲು ಮುಚ್ಚಿರುತ್ತದೆ. ಹೊಸ ರೌಟರ್ ತಂದಾಗ ಅಥವಾ ವೈ-ಫೈ ಹೆಸರು ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ಪಬ್ಲಿಕ್ ಪಟ್ಟಿಗೆ ಸೇರಿಸುವುದುಂಟು.

ಆದ್ದರಿಂದ ಫೈರ್‌ವಾಲ್ ಆಫ್ ಮಾಡುವ ಅಗತ್ಯವಿಲ್ಲ. ಸೆಟ್ಟಿಂಗ್ಸ್ ಒಳಗೆ ಆ ಸಂಪರ್ಕದ ವಿವರ ತೆರೆದು ‘ಪ್ರೈವೇಟ್’ ಆರಿಸಿ. ಜೊತೆಗೆ ‘ಅಡ್ವಾನ್ಸ್ಡ್ ಶೇರಿಂಗ್’ ಸೆಟ್ಟಿಂಗಿನಲ್ಲಿ ಫೈಲ್ ಮತ್ತು ಪ್ರಿಂಟರ್ ಹಂಚಿಕೆ ಆನ್ ಇರಲಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರಬಹುದು, ಅದರಲ್ಲೂ ಈ ಜಾಲವನ್ನು ನಂಬಿಕೆಯದು ಎಂದು ಗುರುತಿಸಬೇಕು. ಲಿನಕ್ಸ್‌ನಲ್ಲಿ ಫೈರ್‌ವಾಲ್ ಚಾಲೂ ಇದ್ದರೆ ಸಾಂಬಾಗೆ ಮಾತ್ರ ಅನುಮತಿ ಕೊಡಿ.

‘ಪಿಂಗ್’ ಮಾಡಿ ನೋಡುವ ಅಭ್ಯಾಸ ಇರುವವರಿಗೆ ಒಂದು ಎಚ್ಚರಿಕೆ. ಪಿಂಗ್‌ಗೆ ಉತ್ತರ ಬಂದರೆ ದಾರಿ ಇದೆ ಎಂದರ್ಥ. ಬಾರದಿದ್ದರೆ ದಾರಿ ಇಲ್ಲ ಎಂದೇನೂ ಅಲ್ಲ, ಏಕೆಂದರೆ ವಿಂಡೋಸ್ ಫೈರ್‌ವಾಲ್ ಪಿಂಗನ್ನೂ ತಡೆದಿರಬಹುದು.

ಮೆಟ್ಟಿಲು 4: ಭಾಷೆಯ ಆವೃತ್ತಿ

ನಿಪ್ಪಾಣಿಯ ಪೇಟೆಯಲ್ಲಿ ಅಪರಿಚಿತರಿಬ್ಬರು ವ್ಯವಹಾರಕ್ಕೆ ಕುಳಿತರೆ ಕನ್ನಡವೋ ಮರಾಠಿಯೋ ಎಂಬುದು ಮೊದಲ ಮಾತಿನಲ್ಲೇ ತೀರ್ಮಾನವಾಗುತ್ತದೆ. ಕಂಪ್ಯೂಟರುಗಳೂ ಹಾಗೆಯೇ. ಸಂಪರ್ಕ ಸಿಕ್ಕ ಕೂಡಲೇ ಎಸ್‌ಎಂಬಿಯ ಯಾವ ಆವೃತ್ತಿ ಇಬ್ಬರಿಗೂ ಬರುತ್ತದೆ ಎಂದು ಕೇಳಿಕೊಳ್ಳುತ್ತವೆ. ವಿಂಡೋಸ್ ಎಕ್ಸ್‌ಪಿಗೆ ಬರುವುದು ಮೊದಲ ಆವೃತ್ತಿ ಮಾತ್ರ. ಹಳೆಯ ಜೆರಾಕ್ಸ್-ಸ್ಕ್ಯಾನರುಗಳು, ಜಾಲಕ್ಕೆ ಜೋಡಿಸುವ ಹಳೆಯ ಡಿಸ್ಕ್ ಪೆಟ್ಟಿಗೆಗಳಲ್ಲೂ ಹಲವಕ್ಕೆ ಅಷ್ಟೇ ಬರುತ್ತದೆ. ಹೊಸ ವಿಂಡೋಸ್ ಮತ್ತು ಹೊಸ ಸಾಂಬಾ ಮೊದಲ ಆವೃತ್ತಿಯಲ್ಲಿ ಮಾತಾಡಲು ಒಪ್ಪುವುದಿಲ್ಲ. ಸಾಂಬಾ 2019ರ 4.11 ಆವೃತ್ತಿಯಿಂದ ಅದನ್ನು ಮೊದಲೇ ಆಫ್ ಮಾಡಿ ಕೊಡುತ್ತಿದೆ. ಕಚೇರಿಯ ಕಂಪ್ಯೂಟರ್ ಬದಲಿಸಿದ ಮರುದಿನವೇ ಜೆರಾಕ್ಸ್ ಯಂತ್ರದಿಂದ ಫೋಲ್ಡರಿಗೆ ಸ್ಕ್ಯಾನ್ ಬರುವುದು ನಿಂತರೆ ಹೆಚ್ಚಾಗಿ ಕಾರಣ ಇದೇ.

“ಎಸ್‌ಎಂಬಿ 1 ಆನ್ ಮಾಡಿ, ಎಲ್ಲ ಸರಿಹೋಗುತ್ತದೆ” ಎಂಬ ಸಲಹೆ ಇಲ್ಲಿ ಬರುತ್ತದೆ. ಅದನ್ನು ಏಕೆ ತೆಗೆದರು ಎಂಬುದು ಗೊತ್ತಿರಬೇಕು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹಾವಳಿ ಶುರುವಾಯಿತು. ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು ಎಸ್‌ಎಂಬಿ 1ರಲ್ಲಿದ್ದ ದೋಷವೊಂದರ ಮೂಲಕ. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ, ಜಾಲದಲ್ಲಿ ಒಂದು ಕಂಪ್ಯೂಟರಿಗೆ ತಗುಲಿದರೆ ಸಾಕು, ಉಳಿದವಕ್ಕೆ ತಾನೇ ಹಬ್ಬುತ್ತಿತ್ತು. ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುತ್ತಿತ್ತು. ಸುಮಾರು 150 ದೇಶಗಳಿಗೆ ಅದು ಮುಟ್ಟಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ತೊಂದರೆಗೆ ಸಿಕ್ಕಿದ್ದು ಅಪ್‌ಡೇಟ್ ಹಾಕದೆ ಬಿಟ್ಟ ಯಂತ್ರಗಳು.

ಹಾಗಾದರೆ ಹಳೆಯ ಯಂತ್ರವನ್ನು ಏನು ಮಾಡುವುದು? ಸ್ಕ್ಯಾನರಿಗೆ ಕಂಪನಿಯ ಹೊಸ ಫರ್ಮ್‌ವೇರ್ ಇದೆಯೇ ಎಂದು ಸರ್ವಿಸಿನವರನ್ನು ಕೇಳಿ. ಇಲ್ಲದಿದ್ದರೆ ಪೆನ್‌ಡ್ರೈವಿಗೆ ಅಥವಾ ಇಮೇಲಿಗೆ ಸ್ಕ್ಯಾನ್ ಕಳುಹಿಸುವ ಸೌಲಭ್ಯ ಬಳಸಿ. ಎಕ್ಸ್‌ಪಿ ಯಂತ್ರದಲ್ಲಿರುವ ಹಳೆಯ ಫೈಲುಗಳನ್ನು ಒಮ್ಮೆ ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ ತಂದುಕೊಂಡು, ಆ ಯಂತ್ರವನ್ನು ಜಾಲದಿಂದ ಬಿಡಿಸಿಡಿ. ವಿಂಡೋಸ್ 7ಕ್ಕೆ ಎಸ್‌ಎಂಬಿ 2 ಬರುತ್ತದೆ, ಹಾಗಾಗಿ ಹೊಸ ಯಂತ್ರಗಳ ಜೊತೆ ಅದು ಮಾತಾಡಬಲ್ಲದು. ಆದರೆ ಅದರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ ಎಂಬುದು ನೆನಪಿರಲಿ.

2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೂ ಬಿಗಿ ಮಾಡಿದೆ. ಅದರ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಬಗೆಗಳಲ್ಲಿ ಪ್ರತಿ ಸಂದೇಶಕ್ಕೂ ಗುಪ್ತ ಸಹಿ ಬೇಕು, ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶವೂ ಇಲ್ಲ. ಆಗ “ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ” ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ. ಯಾವ ಸಂಸ್ಥೆ ಎಂದು ಗಾಬರಿಯಾಗಬೇಡಿ, ಮನೆಯ ಕಂಪ್ಯೂಟರಿನಲ್ಲೂ ಇದೇ ವಾಕ್ಯ ಬರುತ್ತದೆ. ಪರಿಹಾರವೆಂದರೆ ಫೋಲ್ಡರ್ ಹಂಚುವ ಯಂತ್ರದಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಇಡುವುದು.

ಮೆಟ್ಟಿಲು 5: ಗುರುತು

“ಪಾಸ್‌ವರ್ಡ್ ಸರಿ ಹೊಡೆದರೂ ತಪ್ಪು ಅನ್ನುತ್ತಿದೆ” ಎಂಬ ದೂರಿಗೆ ಐದು ಕಾರಣಗಳಿರಬಹುದು.

ಒಂದು, ನೀವು ಹೊಡೆಯುತ್ತಿರುವುದು ಪಿನ್. ವಿಂಡೋಸ್ ತೆರೆಯಲು ಬಳಸುವ ನಾಲ್ಕಂಕಿ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ಜಾಲದಲ್ಲಿ ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು.

ಎರಡು, ಖಾತೆಗೆ ಪಾಸ್‌ವರ್ಡೇ ಇಲ್ಲ. ಖಾಲಿ ಪಾಸ್‌ವರ್ಡಿನ ಖಾತೆಗೆ ಜಾಲದ ಮೂಲಕ ಪ್ರವೇಶವನ್ನು ವಿಂಡೋಸ್ ಕೊಡುವುದಿಲ್ಲ.

ಮೂರು, ಲಿನಕ್ಸ್‌ನಲ್ಲಿ ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಂಡಿರುತ್ತದೆ. ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ಗೊತ್ತಿದ್ದರೆ ಸಾಲದು, ಅದೇ ಬಳಕೆದಾರರನ್ನು ಸಾಂಬಾ ಪಟ್ಟಿಗೂ ಸೇರಿಸಬೇಕು. ಲಿನಕ್ಸ್ ಪಾಸ್‌ವರ್ಡ್ ಬದಲಿಸಿದರೆ ಸಾಮಾನ್ಯವಾಗಿ ಸಾಂಬಾದ್ದು ಬದಲಾಗುವುದಿಲ್ಲ.

ನಾಲ್ಕು, ಮ್ಯಾಕ್‌ನಲ್ಲಿ ‘ಫೈಲ್ ಶೇರಿಂಗ್’ ಆನ್ ಮಾಡಿದರೆ ಸಾಕಾಗದೆ ಇರಬಹುದು. ಅದರ ‘ಆಪ್ಷನ್ಸ್’ ಒಳಗೆ ‘ವಿಂಡೋಸ್ ಫೈಲ್ ಶೇರಿಂಗ್’ ಎಂಬಲ್ಲಿ ಖಾತೆಯ ಮುಂದೆ ಗುರುತು ಹಾಕಿ ಪಾಸ್‌ವರ್ಡ್ ಮತ್ತೊಮ್ಮೆ ಕೊಡಿ.

ಐದು, ವಿಂಡೋಸ್ ಹಳೆಯ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ಅದನ್ನೇ ಕಳಿಸುತ್ತಿದೆ. ಕಂಟ್ರೋಲ್ ಪ್ಯಾನೆಲ್ಲಿನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು ಆ ವಿಳಾಸದ ನಮೂದು ಅಳಿಸಿ, ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ.

ಹಂಚಿಕೆಗೆಂದೇ ಒಂದು ಪ್ರತ್ಯೇಕ ಖಾತೆ ಮಾಡುವುದು ಸುಲಭದ ದಾರಿ. ಫೋಲ್ಡರ್ ಇರುವ ಯಂತ್ರದಲ್ಲಿ ‘ಲೋಕಲ್’ ಬಳಕೆದಾರರೊಬ್ಬರನ್ನು ಸೇರಿಸಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಉಳಿದ ಯಂತ್ರಗಳಿಂದ ಅದನ್ನೇ ಬಳಸಿ. ಮಾಲೀಕರ ಸ್ವಂತ ಪಾಸ್‌ವರ್ಡನ್ನು ಎಲ್ಲರಿಗೂ ಹೇಳುವ ಪ್ರಸಂಗ ಬರುವುದಿಲ್ಲ, ಕೆಲಸಗಾರರು ಬದಲಾದಾಗ ಇದೊಂದನ್ನು ಬದಲಿಸಿದರೆ ಆಯಿತು.

ಮೆಟ್ಟಿಲು 6: ಅನುಮತಿ

ಫೋಲ್ಡರ್ ಕಾಣುತ್ತದೆ, ಪಾಸ್‌ವರ್ಡನ್ನೂ ಒಪ್ಪಿತು, ಆದರೆ ಫೈಲ್ ಉಳಿಸಲು ಬಿಡುತ್ತಿಲ್ಲ. ಇಲ್ಲಿ ಎರಡು ಪದರ ಇವೆ. ಒಂದು, ಹಂಚಿಕೆಗೆ ಕೊಟ್ಟ ಅನುಮತಿ. ಇನ್ನೊಂದು, ಡಿಸ್ಕ್‌ನಲ್ಲಿರುವ ಆ ಫೋಲ್ಡರಿನ ಸ್ವಂತ ಅನುಮತಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎರಡೂ ಪುಟ ನೋಡಿ. ಸಾಂಬಾದಲ್ಲಿ ನಾವಾಗಿ ಬದಲಿಸದಿದ್ದರೆ ಹಂಚಿದ ಫೋಲ್ಡರ್ ಓದಲು ಮಾತ್ರ ಸಿಗುತ್ತದೆ. ಬರೆಯಲು ಬೇಕಾದರೆ ಹಾಗೆಂದು ಹೇಳಬೇಕು, ಜೊತೆಗೆ ಲಿನಕ್ಸ್‌ನ ಫೋಲ್ಡರ್ ಅನುಮತಿಯೂ ಹೊಂದಬೇಕು. ಫೋಲ್ಡರ್ ಯಾರದೋ ‘ಹೋಮ್’ ಒಳಗಿದ್ದು ಮೇಲಿನ ಫೋಲ್ಡರಿಗೆ ಪ್ರವೇಶ ಇಲ್ಲದಿದ್ದರೆ ಒಳಗಿನದಕ್ಕೆ ಎಷ್ಟು ಅನುಮತಿ ಕೊಟ್ಟರೂ ಪ್ರಯೋಜನವಿಲ್ಲ.

‘ಎವ್ರಿವನ್’ಗೆ ಪೂರ್ಣ ಅಧಿಕಾರ ಕೊಡುವುದು ಸುಲಭ. ಆದರೆ ಬೀಗ ಹಾಕುವ ವೈರಸ್ ಒಂದು ಕಂಪ್ಯೂಟರಿಗೆ ಹೊಕ್ಕರೆ, ಅದು ಬರೆಯಬಲ್ಲ ಎಲ್ಲ ಹಂಚಿಕೆ ಫೋಲ್ಡರುಗಳಿಗೂ ಬೀಗ ಬೀಳುತ್ತದೆ. ಓದಿದರೆ ಸಾಕಾದವರಿಗೆ ಓದುವ ಅನುಮತಿ ಮಾತ್ರ ಇರಲಿ.

ತೊಂದರೆಯಂತೆ ಕಂಡರೂ ತೊಂದರೆಯಲ್ಲದ ಎರಡು ಸಂಗತಿಗಳಿವೆ. ಒಂದೇ ಎಕ್ಸೆಲ್ ಹಾಳೆಯನ್ನು ಒಬ್ಬರು ತೆರೆದಿಟ್ಟಾಗ ಎರಡನೆಯವರಿಗೆ ಓದಲು ಮಾತ್ರ ಸಿಗುತ್ತದೆ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯದಿರಲಿ ಎಂದು ಮಾಡಿದ ಏರ್ಪಾಡು ಅದು. ಇನ್ನೊಂದು, ಸಾಮಾನ್ಯ ವಿಂಡೋಸ್ 10 ಅಥವಾ 11 ಏಕಕಾಲಕ್ಕೆ 20 ಯಂತ್ರಗಳಿಗೆ ಮಾತ್ರ ಫೋಲ್ಡರ್ ಹಂಚುತ್ತದೆ. ಶಾಲೆಯ ಲ್ಯಾಬಿನಲ್ಲಿ 25 ಕಂಪ್ಯೂಟರ್ ಇದ್ದು ಕೊನೆಯ ಕೆಲವಕ್ಕೆ ಮಾತ್ರ ತೆರೆಯದಿದ್ದರೆ ಇದನ್ನು ನೆನಪಿಸಿಕೊಳ್ಳಿ. ಲಿನಕ್ಸ್ ಯಂತ್ರದಲ್ಲಿ ಸಾಂಬಾ ಹಾಕಿ ಅದರಿಂದ ಹಂಚಿದರೆ ಈ ಮಿತಿ ಇರುವುದಿಲ್ಲ.

ದೋಷಸಂಖ್ಯೆಯನ್ನು ಓದುವುದು ಹೇಗೆ?

ಕೆಂಪು ಗುರುತಿನ ಸಂದೇಶ ಬಂದ ಕೂಡಲೇ ಮುಚ್ಚಿಬಿಡಬೇಡಿ. ಅದರ ಸಂಖ್ಯೆಯೇ ಯಾವ ಮೆಟ್ಟಿಲು ಎಂದು ಹೇಳುತ್ತದೆ.

80070035 ಅಥವಾ 53: ಯಂತ್ರ ಸಿಗಲಿಲ್ಲ. ದಾರಿ, ಹೆಸರು, ಬಾಗಿಲು ನೋಡಿ. ಮೊದಲನೆಯದರ ಕೊನೆಯ 35 ಎಂಬುದು ಹದಿನಾರರ ಲೆಕ್ಕದ ಸಂಖ್ಯೆ, ನಮ್ಮ ಹತ್ತರ ಲೆಕ್ಕದಲ್ಲಿ ಅದು 53. ಎರಡೂ ಒಂದೇ ದೋಷ.

1326 ಅಥವಾ 86: ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಗುರುತಿನ ಮೆಟ್ಟಿಲು.

1219: ಅದೇ ಯಂತ್ರಕ್ಕೆ ಈಗಾಗಲೇ ಬೇರೆ ಹೆಸರಿನಲ್ಲಿ ಸಂಪರ್ಕ ಇದೆ. ಹಳೆಯ ಸಂಪರ್ಕ ಬಿಡಿಸಿ, ಇಲ್ಲವೇ ಒಮ್ಮೆ ಲಾಗ್ ಆಫ್ ಆಗಿ ಬನ್ನಿ.

80070005 ಅಥವಾ 5: ಯಂತ್ರ ಸಿಕ್ಕಿದೆ, ಅನುಮತಿ ಇಲ್ಲ. ಕೊನೆಯ ಮೆಟ್ಟಿಲು.

ಫೈಲ್ ಹೆಸರು ಕನ್ನಡದಲ್ಲಿದ್ದರೆ

ಆರು ಮೆಟ್ಟಿಲು ದಾಟಿದ ಮೇಲೂ ಕೆಲವು ಫೈಲುಗಳು ಮಾತ್ರ ಹಟ ಹಿಡಿಯುವುದುಂಟು. ಆಗ ಹೆಸರನ್ನು ನೋಡಿ. ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ ಇವನ್ನು ವಿಂಡೋಸ್ ಫೈಲ್ ಹೆಸರಿನಲ್ಲಿ ಒಪ್ಪುವುದಿಲ್ಲ. ಲಿನಕ್ಸ್ ಇವುಗಳಲ್ಲಿ ಹಲವನ್ನು ಒಪ್ಪುತ್ತದೆ. ದಿನಾಂಕವನ್ನು ಹೆಸರಿನಲ್ಲಿ ಬರೆಯುವಾಗ 12-05-2025 ಎಂದು ಅಡ್ಡಗೆರೆ ಹಾಕುವುದು ಎಲ್ಲ ಕಡೆಗೂ ಸರಿ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆಯಾದರೆ ಲಿನಕ್ಸ್‌ಗೆ ಅವು ಎರಡು ಫೈಲ್, ವಿಂಡೋಸ್‌ಗೆ ಒಂದೇ.

ಕನ್ನಡ ಹೆಸರಿಗೆ ತನ್ನದೇ ಎರಡು ತೊಡಕುಗಳಿವೆ. ಮೊದಲನೆಯದು ಉದ್ದ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರ ಒಂದು ಬೈಟ್ ತೆಗೆದುಕೊಂಡರೆ ಕನ್ನಡದ ಪ್ರತಿ ಸಂಕೇತ, ಅಂದರೆ ಅಕ್ಷರ, ಸ್ವರಚಿಹ್ನೆ, ಒತ್ತಿನ ಗುರುತು ಒಂದೊಂದೂ, ಮೂರು ಬೈಟ್ ತೆಗೆದುಕೊಳ್ಳುತ್ತದೆ. ಹೀಗಾಗಿ 85 ಸಂಕೇತಕ್ಕೆ ಮಿತಿ ಮುಗಿಯುತ್ತದೆ. ವಿಂಡೋಸ್ ಬೈಟ್ ಎಣಿಸದೆ ಸಂಕೇತ ಎಣಿಸುವುದರಿಂದ ಅಲ್ಲಿ ಸರಿಯಿದ್ದ ಉದ್ದನೆಯ ಹೆಸರು ಲಿನಕ್ಸ್‌ಗೆ ನಕಲಾಗುವಾಗ ತಡೆಯಬಹುದು.

ಎರಡನೆಯದು ಇನ್ನೂ ವಿಚಿತ್ರ. ‘ಚಿಕ್ಕೋಡಿ’ ಎಂಬುದರ ‘ಕೋ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಕಕಾರಕ್ಕೆ ಒಂದೇ ಓತ್ವದ ಚಿಹ್ನೆ ಸೇರಿಸಿ ಬರೆಯುವುದು ಒಂದು. ಕಕಾರಕ್ಕೆ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಗಳನ್ನು ಬಿಡಿಬಿಡಿಯಾಗಿ ಸೇರಿಸುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಮೊದಲ ರೀತಿಯಲ್ಲಿ ಇಡೀ ಹೆಸರು 8 ಸಂಕೇತ, 24 ಬೈಟ್. ಎರಡನೆಯದರಲ್ಲಿ 10 ಸಂಕೇತ, 30 ಬೈಟ್. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂಥ ಡಿಸ್ಕಿನ ಫೈಲುಗಳು ಜಿಪ್ ಆಗಿ ಬೇರೆ ಕಂಪ್ಯೂಟರಿಗೆ ಬಂದಾಗ, ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಾಣಬಹುದು, ಅಥವಾ ಹುಡುಕಿದರೆ ಕಣ್ಣೆದುರಿನ ಫೈಲೇ ಸಿಗದಿರಬಹುದು.

ಈ ತೊಡಕು ಬರುವುದು ಈ, ಏ, ಐ, ಒ, ಓ ಕಾರಗಳ ಚಿಹ್ನೆಗಳಲ್ಲಿ ಮಾತ್ರ. ಈ ಐದು ಊರುಗಳಲ್ಲಿ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ಇದು ತಟ್ಟುವುದಿಲ್ಲ, ಚಿಕ್ಕೋಡಿಗೆ ಮಾತ್ರ ತಟ್ಟುತ್ತದೆ. ಹೀಗಾದಾಗ ಫೈಲಿನ ಹೆಸರನ್ನು ಪೂರ್ತಿ ಅಳಿಸಿ, ನೀವು ದಿನವೂ ಬಳಸುವ ಕೀಲಿಮಣೆಯಿಂದ ಹೊಸದಾಗಿ ಬರೆದರೆ ಸರಿಹೋಗುತ್ತದೆ. ಮ್ಯಾಕ್ ಮತ್ತು ಇತರ ಯಂತ್ರಗಳ ನಡುವೆ ಓಡಾಡುವ ಫೈಲಿಗೆ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡುವುದು ಇನ್ನೂ ಸುಲಭ.

ಫೈಲ್ ತೆರೆಯುತ್ತದೆ, ಆದರೆ ಒಳಗೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ ಎಂದರೆ ಅದು ಹಂಚಿಕೆಯ ದೋಷವಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಅಥವಾ ಶ್ರೀಲಿಪಿಯಲ್ಲಿ ಯೂನಿಕೋಡ್ ಅಲ್ಲದೆ ಮಾಡಿದ ಕಡತಗಳಿಗೆ ಅದೇ ಫಾಂಟ್ ಆ ಕಂಪ್ಯೂಟರಿನಲ್ಲೂ ಇರಬೇಕು. ಕನ್ನಡ, ಮರಾಠಿ ಎರಡರಲ್ಲೂ ಪತ್ರಿಕೆ ಮಾಡಿಕೊಡುವ ಅಂಗಡಿಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಫಾಂಟ್ ಹಾಕಿ, ಅಥವಾ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹಂಚಿದ ಫೋಲ್ಡರ್ ಬ್ಯಾಕಪ್ ಅಲ್ಲ

ಐದು ಕಂಪ್ಯೂಟರಿನಲ್ಲಿ ಕಾಣುವ ಫೈಲ್ ಐದು ಕಡೆ ಇದೆ ಎಂದು ಭಾವಿಸುವುದು ಅಪಾಯ. ಅದು ಇರುವುದು ಒಂದೇ ಡಿಸ್ಕಿನಲ್ಲಿ. ಒಬ್ಬರು ಅಳಿಸಿದರೆ ಎಲ್ಲರಿಗೂ ಹೋಗುತ್ತದೆ, ಜಾಲದ ಮೂಲಕ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೂ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಒಂದೇ ಕೋಣೆಯಲ್ಲಿರುವ ಎಲ್ಲ ಯಂತ್ರಗಳೂ ಒಟ್ಟಿಗೆ ಮುಳುಗುತ್ತವೆ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲು ತೆಗೆದು, ಡಿಸ್ಕ್ ಬಿಡಿಸಿ, ಬೇರೆ ಕಟ್ಟಡದಲ್ಲಿ ಇಡಿ. ಬಿಡಿಸದೆ ಬಿಟ್ಟ ಡಿಸ್ಕಿಗೆ ಬೀಗದ ವೈರಸ್ಸೂ ತಲುಪಬಲ್ಲದು.

ಕೊನೆಯದಾಗಿ, ಹಂಚಿಕೆ ಸರಿಯಾಗಿ ನಡೆಯುತ್ತಿರುವ ದಿನವೇ ಒಂದು ಹಾಳೆಯಲ್ಲಿ ಪ್ರತಿ ಕಂಪ್ಯೂಟರಿನ ಹೆಸರು, ಐಪಿ ವಿಳಾಸ, ವಿಂಡೋಸ್ ಅಥವಾ ಲಿನಕ್ಸ್ ಆವೃತ್ತಿ, ಹಂಚಿದ ಫೋಲ್ಡರಿನ ಹೆಸರು ಬರೆದು ರೌಟರಿನ ಬಳಿ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ಮುಂದಿನ ಸಲ ತೊಂದರೆ ಬಂದಾಗ ಮೊದಲ ಎರಡು ಮೆಟ್ಟಿಲನ್ನು ಆ ಹಾಳೆ ನೋಡಿಯೇ ಪರೀಕ್ಷಿಸಬಹುದು. ದೂರದ ಊರಿನಿಂದ ಫೋನಿನಲ್ಲಿ ಸಹಾಯ ಮಾಡುವವರು ಮೊದಲು ಕೇಳುವುದೂ ಅದರಲ್ಲಿರುವ ವಿವರಗಳನ್ನೇ.